ಮನೆ ಮಾಲೀಕನಿಗೆ ಬರೆದ ಕಾಗದ

ವೇಣುಗೋಪಾಲ ಅರ್ಜಿಯನ್ನು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿಟ್ಟು ತಂಗಿಯ ಕೈಗೆ ಪೆನ್ನು ಕೊಟ್ಟ. ಅರ್ಜಿಯ ಮೇಲ್ಭಾಗದಲ್ಲಿ ಎರಡು ಚೌಕಗಳಿದ್ದವು. ಒಂದರ ಮುಂದೆ ಅಕಾಡೆಮಿಕ್ ಎಂದೂ ಇನ್ನೊಂದರ ಮುಂದೆ ಜನರಲ್ ಎಂದೂ ಅಚ್ಚಾಗಿತ್ತು. ಇಂಗ್ಲಿಷ್ ಪರೀಕ್ಷೆ ಒಂದೇ, ಆದರೆ ಬಗೆ ಎರಡು. ಬೆಂಗಳೂರಿನ ಕೋಚಿಂಗಿನವನು ವೇಣುಗೋಪಾಲನಿಗೆ ವಿವರಿಸಿ ಕಳಿಸಿದ್ದ: ಹೊರದೇಶಕ್ಕೆ ಓದಲು ಹೋಗುವವರು, ನರ್ಸು ಡಾಕ್ಟರುಗಳಾಗಿ ದುಡಿಯಲು ಹೋಗುವವರು ಅಕಾಡೆಮಿಕ್ ಬರೆಯಬೇಕು, ಸುಮ್ಮನೆ ಹೋಗಿ ನೆಲೆಸುವವರಿಗೆ, ಗಂಡನ ಮನೆ ಸೇರುವವರಿಗೆ, ಜನರಲ್ ಸಾಕು.

ಪಂಕಜ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅವಳು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಸ್ಟಾಫ್ ನರ್ಸು. ದಿನಾ ಬೆಳಗಿನ ಬಸ್ಸಿಗೆ ದೊಡ್ಡಬಳ್ಳಾಪುರ ಬಿಟ್ಟು ಸಂಜೆಗೆ ವಾಪಸಾಗುತ್ತಿದ್ದಳು. ತಾನು ಅಕಾಡೆಮಿಕ್ ಬರೆಯುತ್ತೇನೆಂದು ಹೇಳಿದಳು.

ತಂದೆ ವೆಂಕಟರಮಣಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. ಸುಲಭದ್ದು ಇರುವಾಗ ಕಷ್ಟದ್ದು ಯಾಕೆ ಎಂದು ಕೇಳಿದರು. ಹಿತ್ತಲ ಶೆಡ್ಡಿನಲ್ಲಿ ಆರು ಪವರ್‌ಲೂಮುಗಳು ಓಡುತ್ತಿದ್ದವು. ಆ ಮನೆಯಲ್ಲಿ ಏನು ಹೇಳಬೇಕಾದರೂ ಗೋಡೆ ದಾಟಿ ಬರುವ ಆ ಸದ್ದಿನ ಮೇಲೆ ಹೇಳಬೇಕಾಗಿತ್ತು.

"ಅವ್ಳು ಕೆಲಸಕ್ಕೆ ಹೋಗ್ತಿಲ್ಲ, ಮನೆಗೆ ಹೋಗ್ತಿದಾಳೆ," ಎಂದು ತಾಯಿ ಶಕುಂತಲಮ್ಮ ಒಲೆಯ ಹತ್ತಿರದಿಂದ ಹೇಳಿದರು. "ಅಲ್ಲಿ ಮನೆ ಐತೆ, ಪಾತ್ರೆ ಐತೆ, ಹಾಸಿಗೆ ಐತೆ. ಹೋಗಿ ದೀಪ ಹಚ್ಚೋದೊಂದೇ."

ಆ ಮನೆ ಇದ್ದದ್ದು ನ್ಯೂಜಿಲೆಂಡಿನಲ್ಲಿ. ಪಂಕಜಳ ಅಕ್ಕ ಅನಸೂಯ ಅಲ್ಲಿ ಎರಡು ವರ್ಷ ಸಂಸಾರ ಮಾಡಿ, ಹಿಂದಿನ ಆಗಸ್ಟಿನಲ್ಲಿ ತೀರಿಕೊಂಡಿದ್ದಳು. ಅಲ್ಲಿ ಆಗ ಚಳಿಗಾಲ, ಎದೆಗೆ ಶೀತ ಇಳಿದು ಹೋಗಿಬಿಟ್ಟಳೆಂದು ಅವಳ ಗಂಡ ದೇವೀಪ್ರಸಾದ ಫೋನಿನಲ್ಲಿ ತಿಳಿಸಿದ್ದ. ಅವನು ಅಲ್ಲೊಂದು ಹಾಲಿನಪುಡಿ ಕಾರ್ಖಾನೆಯಲ್ಲಿ ರಿಪೇರಿ ಕೆಲಸದವನು. ಸಂಬಂಧಿಕರೇ, ನೇಕಾರರ ಮನೆತನ. ವರ್ಷ ತುಂಬಿದ ಮೇಲೆ ಪಂಕಜಳನ್ನು ಅವನಿಗೇ ಕೊಡುವುದೆಂದು ಎರಡೂ ಮನೆಯ ಹಿರಿಯರು ಮಾತಾಡಿಕೊಂಡಿದ್ದರು. ಪಂಕಜ ಆಗಲೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ತನ್ನ ಕೆಲಸ ಅಲ್ಲಿಯೂ ನಡೆಯುವುದಾದರೆ ನೋಡೋಣ ಎಂದಿದ್ದಳು, ಅಷ್ಟೆ.

ಅರ್ಜಿಗೆ ಜುಲೈ ಕೊನೆಯವರೆಗೆ ಸಮಯವಿತ್ತು. ಅದು ದೇವರ ಗೂಡಿನ ಕೆಳಗೆ, ಎಣ್ಣೆ ಬಾಟಲಿಯ ಹಿಂದೆ ಹೋಗಿ ಕೂತಿತು.

ಅದಾದ ವಾರಕ್ಕೆ ಸೂಟ್‌ಕೇಸು ಬಂತು. ನ್ಯೂಜಿಲೆಂಡಿನಿಂದ ರಜೆಗೆ ಬಂದ ಯಾರೋ ಪರಿಚಯದವರ ಕೈಯಲ್ಲಿ ದೇವೀಪ್ರಸಾದ ಅನಸೂಯಳ ಸಾಮಾನು ಕಳಿಸಿದ್ದ. ಶಕುಂತಲಮ್ಮ ಅದನ್ನು ಹಜಾರದ ಚಾಪೆಯ ಮೇಲೆ ತೆರೆದು ಒಂದೊಂದನ್ನೇ ಹೊರಗಿಟ್ಟರು. ಸೀರೆಗಳು, ರವಿಕೆಗಳು, ಎರಡು ಸ್ವೆಟರು, ಬಾಚಣಿಗೆ, ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಒಂದು ನೋಟುಪುಸ್ತಕ. ಬಾಚಣಿಗೆಯಲ್ಲಿ ಇನ್ನೂ ಎರಡು ಕೂದಲೆಳೆ ಇದ್ದವು. ಶಕುಂತಲಮ್ಮ ಅದನ್ನು ಮಾತ್ರ ಸೆರಗಿನಲ್ಲಿ ಸುತ್ತಿಕೊಂಡರು.

ಸ್ವೆಟರು ಹಾಕಿಕೊಂಡು ನೋಡೆಂದು ಪಂಕಜಳಿಗೆ ಹೇಳಿದರು. ಆಷಾಢದ ಗಾಳಿ ಇತ್ತು, ಪಂಕಜ ಹಾಕಿಕೊಂಡಳು. ತೋಳಿನ ಉದ್ದ, ಭುಜ, ಎಲ್ಲ ಸರಿಯಾಗಿತ್ತು. ಆಮೇಲೆ ರವಿಕೆಗಳನ್ನೂ ನೋಡಿಸಿದರು. ಅಕ್ಕ ಇದ್ದಾಗ ಅವಳ ರವಿಕೆ ಪಂಕಜಳಿಗೆ ದೊಡ್ಡದಾಗುತ್ತಿತ್ತು. ಈಗ ಯಾವುದರ ಹೊಲಿಗೆಯನ್ನೂ ಬಿಚ್ಚಬೇಕಾಗಲಿಲ್ಲ, ಹಿಡಿಯಬೇಕಾಗಲಿಲ್ಲ.

ಅಜ್ಜಿ ಕದಿರಮ್ಮ ಕಂಬಕ್ಕೆ ಒರಗಿ ಕೂತು ಎಲ್ಲ ನೋಡುತ್ತಿದ್ದರು. "ಬಿಚ್ಚಿಡು ಅಮ್ಮಾಯಿ," ಎಂದರು. "ಸತ್ತೋಳ ಬಟ್ಟೆ ಬದುಕಿರೋಳಿಗೆ ಇಷ್ಟು ಸರಿಯಾಗಿ ಕೂರಬಾರ್ದು."

ಶಕುಂತಲಮ್ಮ ಅತ್ತೆಯ ಮಾತು ಕೇಳಿಸಲಿಲ್ಲವೆಂಬಂತೆ ಬಟ್ಟೆ ಮಡಿಸಿದರು. ಅವತ್ತು ಊಟಕ್ಕೆ ಬಡಿಸುವಾಗ ಪಂಕಜಳನ್ನು 'ಅನಸೂ' ಎಂದು ಕರೆದರು. ಬಾಯ್ತಪ್ಪೆಂದು ಯಾರೂ ತಿದ್ದಲಿಲ್ಲ. ಮಾರನೆಯ ದಿನ ಮತ್ತೆ ಕರೆದರು. ಹತ್ತು ದಿನ ಕಳೆಯುವ ಹೊತ್ತಿಗೆ ಅದು ಬಾಯ್ತಪ್ಪಾಗಿ ಉಳಿದಿರಲಿಲ್ಲ. ಅನಸೂಯಳಿಗೆ ಇಷ್ಟವೆಂದು ಮೆಂತ್ಯದ ಹಿಟ್ಟು ಮಾಡಿ, ಬೇಡವೆಂದ ಪಂಕಜಳ ತಟ್ಟೆಗೆ ಎರಡು ಸಲ ಹಾಕಿದರು.

ಆ ತಿಂಗಳು ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ನಾಲ್ಕರವರೆಗೆ ಬರುತ್ತಿರಲಿಲ್ಲ. ಆರೂ ಮಗ್ಗ ಒಟ್ಟಿಗೆ ನಿಂತಾಗ ಮನೆ ನೀರಿನೊಳಗೆ ಮುಳುಗಿದಂತೆ ಆಗುತ್ತಿತ್ತು. ಬೀದಿಯ ಎಲ್ಲ ಶೆಡ್ಡುಗಳೂ ನಿಂತಿರುತ್ತಿದ್ದವು. ಅಂಥ ಹೊತ್ತಿನಲ್ಲಿ ಅಜ್ಜಿ, ಹಿಂದಿನ ಕೋಣೆಯಲ್ಲಿ ಯಾರೋ ಕಿಟಕಿ ತಟ್ಟುತ್ತಿದ್ದಾರೆಂದು ಹೇಳತೊಡಗಿದರು. ವೇಣುಗೋಪಾಲ ಹೋಗಿ ನೋಡಿದ. ಹಿಂದಿನ ಕೋಣೆ ನೂಲಿನ ಮೂಟೆಗಳ ಕೋಣೆ. ಕಿಟಕಿಗೆ ಅಡ್ಡವಾಗಿ ಮೂಟೆ ಪೇರಿಸಿ ವರ್ಷಗಳಾಗಿದ್ದವು. ಹೊರಗಿನಿಂದ ಯಾರೂ ತಟ್ಟುವಂತಿರಲಿಲ್ಲ, ಆ ಕಡೆ ಪಕ್ಕದ ಮನೆಯ ಗೋಡೆ. ಇಲಿ ಇರಬೇಕೆಂದ.

"ಹೊರಗಿಂದಲ್ಲ ಕಣೋ," ಎಂದರು ಅಜ್ಜಿ. "ಒಳಗಿಂದ."

ವೆಂಕಟರಮಣಪ್ಪ ತಾಯಿಗೆ ವಯಸ್ಸಾಯಿತೆಂದು ಸುಮ್ಮನಾದರು. ಆದರೆ ರಜೆಯಿದ್ದ ಒಂದು ಮಧ್ಯಾಹ್ನ ಮಗ್ಗ ನಿಂತಾಗ ಪಂಕಜಳಿಗೂ ಅದು ಕೇಳಿಸಿತು. ಮೂರು ಸಲ, ಬಿಟ್ಟು ಬಿಟ್ಟು, ಕೈಯ ಗೆಣ್ಣಿನಿಂದ ತಟ್ಟಿದ ಹಾಗೆ. ಅವಳು ಕೂತಲ್ಲೇ ಕೂತಿದ್ದಳು. ಅಡಿಗೆಮನೆಯಲ್ಲಿ ತಾಯಿ ಅಕ್ಕಿ ಆರಿಸುತ್ತಿದ್ದ ಕೈ ಕೂಡ ಒಂದು ಗಳಿಗೆ ನಿಂತದ್ದನ್ನು ಕಂಡಳು.

ದೇವೀಪ್ರಸಾದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡುತ್ತಿದ್ದ. ಸೀರೆ ವ್ಯಾಪಾರಕ್ಕೆಂದು ಹಾಕಿಸಿದ ಫೋನು ಹಜಾರದಲ್ಲಿತ್ತು. ಮೊದಲು ಮಾವನ ಹತ್ತಿರ ನಾಲ್ಕು ಮಾತು, ಆಮೇಲೆ ಪಂಕಜಳ ಹತ್ತಿರ. ಮೃದುವಾದ ದನಿ, ಅವಸರವಿಲ್ಲದ ಮಾತು. ಪರೀಕ್ಷೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ, ಜನರಲ್ ಬರಿ ಎಂದ. ಅಲ್ಲಿ ಕಾಯಂ ನೆಲೆಸುವ ಕಾಗದಪತ್ರಕ್ಕೆಂದು ಅನಸೂಯ ತಯಾರಿ ನಡೆಸಿದ್ದೂ ಅದಕ್ಕೇ. ಚರ್ಚಿನ ಹಾಲಿನಲ್ಲಿ ಒಬ್ಬ ಟೀಚರು ಪಾಠ ಹೇಳುತ್ತಿದ್ದರು. ಅವಳ ಪುಸ್ತಕವನ್ನೇ ಕಳಿಸಿದ್ದೇನೆ, ಬೇರೆ ಕೊಳ್ಳುವುದು ಬೇಡ.

"ನಾನು ಏನೂ ಅಲ್ಲಾಡಿಸಿಲ್ಲ," ಎಂದೂ ಹೇಳಿದ. "ನಿನ್ನ ಚಪ್ಪಲಿ ಬಾಗಿಲ ಹತ್ರಾನೇ ಇದೆ."

ತನ್ನ ಚಪ್ಪಲಿ ಅಲ್ಲಿ ಹೇಗಿರುತ್ತದೆಂದು ಪಂಕಜ ಕೇಳಲಿಲ್ಲ. ಫೋನಿಟ್ಟ ಮೇಲೆ ಕೈ ತೊಳೆದುಕೊಂಡು ಬಂದಳು.

ಎರಡರಲ್ಲಿ ಯಾವುದನ್ನು ಬರೆದರೂ ಅಭ್ಯಾಸ ಬೇಕಲ್ಲ ಎಂದು ಅವಳು ಅಕ್ಕನ ಪುಸ್ತಕ ತೆಗೆದಳು. ಕೇಳುವ ಭಾಗ, ಮಾತಾಡುವ ಭಾಗ ಎರಡು ಬಗೆಗೂ ಒಂದೇ. ಓದುವುದರಲ್ಲಿ, ಬರೆಯುವುದರಲ್ಲಿ ವ್ಯತ್ಯಾಸ. ಬರೆಯುವಾಗ ಅಕಾಡೆಮಿಕ್‌ನಲ್ಲಿ ನಕ್ಷೆಯನ್ನೋ ಅಂಕಿಅಂಶಗಳನ್ನೋ ನೋಡಿ ವಿವರಿಸಬೇಕು, ಜನರಲ್‌ನಲ್ಲಿ ಕಾಗದ ಬರೆಯಬೇಕು. ನೋಟುಪುಸ್ತಕದ ತುಂಬ ಅಕ್ಕ ಬರೆದ ಅಭ್ಯಾಸದ ಕಾಗದಗಳಿದ್ದವು. ಕಳೆದುಹೋದ ಚೀಲದ ಬಗ್ಗೆ ಬಸ್ ಕಂಪನಿಗೆ. ಮದುವೆಗೆ ಬರಲಾಗುವುದಿಲ್ಲವೆಂದು ಗೆಳತಿಗೆ. ಗುಂಡಗಿನ ಅಕ್ಷರ, ನೀಲಿ ಶಾಯಿ. ಕೆಳಗೆ ಟೀಚರು ಕೆಂಪು ಶಾಯಿಯಲ್ಲಿ ತಿದ್ದಿ ಅಂಕ ಹಾಕಿದ್ದರು.

ಕೊನೆಯ ಕಾಗದದ ಮೇಲೆ ಜುಲೈ ಹತ್ತೊಂಬತ್ತು ಎಂದಿತ್ತು, ಅನಸೂಯ ತೀರಿಕೊಳ್ಳುವುದಕ್ಕೆ ಎರಡು ವಾರ ಮೊದಲು. ಪ್ರಶ್ನೆ ಹೀಗಿತ್ತು: ನೀವು ಬಾಡಿಗೆಗಿರುವ ಮನೆಯಲ್ಲಿ ಏನೋ ಕೆಟ್ಟಿದೆ, ಮಾಲೀಕನಿಗೆ ಕಾಗದ ಬರೆಯಿರಿ. ಪಂಕಜ ಅದನ್ನು ಆಸ್ಪತ್ರೆಯ ಊಟದ ಕೋಣೆಯಲ್ಲಿ, ಡಬ್ಬಿ ತೆರೆದಿಟ್ಟುಕೊಂಡು ಓದಿದಳು. ಡಬ್ಬಿ ಹಾಗೇ ಉಳಿಯಿತು.

ಕಳೆದ ಚಳಿಗಾಲ, ಕಟ್ಟಡ ಕೆಲಸದ ಗುಡಿಸಲಿನಿಂದ ಮೂವರನ್ನು ಅವಳ ಆಸ್ಪತ್ರೆಗೆ ತಂದಿದ್ದರು. ಚಳಿಗೆಂದು ಬಾಗಿಲು ಮುಚ್ಚಿ ಇದ್ದಿಲಿನ ಒಲೆ ಹಚ್ಚಿಟ್ಟುಕೊಂಡು ಮಲಗಿದ್ದವರು. ಸತ್ತಿದ್ದ ಇಬ್ಬರ ಕೆನ್ನೆಗಳು ನಾಚಿದವರ ಹಾಗೆ ಕೆಂಪಗಿದ್ದವು. ಮುಚ್ಚಿದ ಕೋಣೆಯ ಹೊಗೆಯ ವಿಷ ರಕ್ತಕ್ಕೆ ಸೇರಿದರೆ ಹಾಗಾಗುತ್ತದೆಂದು ಡಾಕ್ಟರು ಹೇಳಿದ್ದರು. ದೇವೀಪ್ರಸಾದ ಸಾವಿನ ಸುದ್ದಿ ತಿಳಿಸಿದ ದಿನ ಅತ್ತೆಗೆ ಸಮಾಧಾನ ಹೇಳಲೆಂದು ಏನು ಹೇಳಿದ್ದನೋ ಅದು ಅವಳಿಗೆ ಈಗ ನೆನಪಾಯಿತು. ಮುಖ ಕೆಂಪಗೆ ಕಳೆಕಳೆಯಾಗಿತ್ತು, ನಿದ್ದೆ ಮಾಡುತ್ತಿರುವವಳ ಹಾಗಿದ್ದಳು ಎಂದಿದ್ದ. ಶಕುಂತಲಮ್ಮ ವರ್ಷವಿಡೀ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದರು.

ಮುಂದಿನ ಭಾನುವಾರ ಫೋನು ಬಂದಾಗ ಪಂಕಜ ಬೇರೆ ಮಾತಾಡಲಿಲ್ಲ. ಆ ಮನೆಯ ಹಿಂದಿನ ಕೋಣೆ ಬೆಚ್ಚಗಾಗಿಸುವ ಗ್ಯಾಸ್ ಹೀಟರು ಈಗಲೂ ಇದೆಯೇ ಎಂದು ಕೇಳಿದಳು.

ಯಾರು ಹೇಳಿದರೆಂದು ಅವನು ಕೇಳಿದ. ಅಕ್ಕ ಬರೆದಿದ್ದಾಳೆ ಎಂದಳು.

ಅವನು ಸುಳ್ಳು ಹೇಳಲಿಲ್ಲ. ಕೇಳಲು ಯಾರಾದರೂ ಸಿಗಲೆಂದು ಕಾದಿದ್ದವನಂತೆ, ಅದೇ ಮೃದುವಾದ ದನಿಯಲ್ಲಿ ಹೇಳುತ್ತ ಹೋದ. ಅವಳು ಹೋದ ರಾತ್ರಿ ತಾನು ಕಾರ್ಖಾನೆಯ ಪಾಳಿಯಲ್ಲಿದ್ದ. ಹೀಟರಿನ ಹೊಗೆಯೇ ಕಾರಣವೆಂದು ಅಲ್ಲಿನವರು ಬರೆದುಕೊಟ್ಟಿದ್ದರು. ಊರಲ್ಲಿ ಹೇಳಿ ಏನು ಪ್ರಯೋಜನವೆಂದು ಶೀತವೆಂದಿದ್ದ. ತಲೆನೋವೆಂದು ಅವಳು ಹೇಳಿದ್ದು ನಿಜ. ಚಳಿಗೆ ಹಾಗಾಗುತ್ತದೆ, ಅಭ್ಯಾಸವಾಗುತ್ತದೆ ಎಂದು ತಾನೇ ಹೇಳಿದ್ದ. ಚಳಿಗಾಳಿ ಬರದಿರಲೆಂದು ಕಿಟಕಿಗೆ ಮೊಳೆ ಹೊಡೆದದ್ದೂ ತಾನೇ. ಆಮೇಲೆ ಬಂದ ಗ್ಯಾಸಿನವರು ಹೀಟರಿನ ಪೈಪು ಕತ್ತರಿಸಿ ಹೋದರು. ಈ ಸಲ ಚಳಿ ಹೆಚ್ಚು, ಅದಕ್ಕೇ ಮತ್ತೆ ಜೋಡಿಸಿದ್ದೇನೆ ಎಂದ.

"ನಾನು ಆ ರೂಮಲ್ಲಿ ಮಲಗಲ್ಲ," ಎಂದ. "ನೀನು ಬಂದ್ಮೇಲೆ ತೆಗೆಸೋಣ."

ಪಂಕಜ ಅಷ್ಟನ್ನೂ ಮನೆಯವರಿಗೆ ಹೇಳಿದಳು. ಹಜಾರದಲ್ಲಿ ಜಗಳವೇ ಆಯಿತು. ಹೋಗುವ ಮನಸ್ಸಿಲ್ಲದ ಹುಡುಗಿ ನೆಪ ಹುಡುಕುತ್ತಾಳೆಂದು ಶಕುಂತಲಮ್ಮ ಅಂದರು. ಆಗಿದ್ದು ಆಗಿಹೋಯಿತು, ಅವನೇನು ಬೇಕೆಂದು ಮಾಡಿದನೇ, ಹೆಂಡತಿಯನ್ನು ಕಳೆದುಕೊಂಡವನು ಅವನೇ ಅಲ್ಲವೇ. ವೆಂಕಟರಮಣಪ್ಪ ಎದ್ದು ಶೆಡ್ಡಿಗೆ ಹೋಗಿ, ಎಳೆ ಕಡಿಯದ ಮಗ್ಗದ ಮುಂದೆ ಎಳೆ ಹುಡುಕುತ್ತ ನಿಂತರು. ಪಂಕಜ ನೋಟುಪುಸ್ತಕ ತಂದು ಅಣ್ಣನ ಮುಂದಿಟ್ಟಳು. ಕನ್ನಡ ಮಾಡಿ ಓದು, ಎಲ್ಲರೂ ಕೇಳಲಿ ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ವೇಣುಗೋಪಾಲ ಓದಿದ. ಕರೆಂಟು ಹೋಗಿತ್ತು. ಪಿಯುಸಿವರೆಗೆ ಓದಿದವನು; ಒಂದೊಂದು ಸಾಲನ್ನೂ ಮನಸ್ಸಿನಲ್ಲಿ ಎರಡು ಸಲ ಓದಿಕೊಂಡು ಆಮೇಲೆ ಬಾಯಿಬಿಟ್ಟು ಹೇಳುತ್ತಿದ್ದ.

ಪ್ರಿಯ ಶ್ರೀ ಬ್ರೌನ್ ಅವರೇ. ನಾನು ನಿಮ್ಮ ಮನೆಯಲ್ಲಿ ಎರಡು ವರ್ಷದಿಂದ ಇದ್ದೇನೆ. ಹಿಂದಿನ ಕೋಣೆಯ ಹೀಟರು ಸರಿಯಿಲ್ಲ. ಅದರ ಉರಿ ನೀಲಿಯಾಗಿರಬೇಕು, ಹಳದಿಯಾಗಿದೆ. ಗೋಡೆಗೆ ಮಸಿ ಹಿಡಿದಿದೆ.

"ಬ್ರೌನ್ ಯಾರು?" ಎಂದರು ವೆಂಕಟರಮಣಪ್ಪ. ಆ ಮನೆ ಬಾಡಿಗೆಯದಲ್ಲ, ದೇವೀಪ್ರಸಾದ ಸಾಲ ಮಾಡಿ ಕೊಂಡದ್ದೆಂದು ಅವರಿಗೆ ಗೊತ್ತಿತ್ತು.

ಯಾರೂ ಅಲ್ಲ, ಪ್ರಶ್ನೆಯಲ್ಲಿ ಕೊಟ್ಟಿರುವ ಹೆಸರು ಎಂದಳು ಪಂಕಜ. ವೇಣುಗೋಪಾಲ ಮುಂದುವರಿಸಿದ. ಹೀಟರು ಹಚ್ಚಿದರೆ ನನಗೆ ತಲೆ ನೋಯುತ್ತದೆ, ವಾಂತಿ ಬಂದಂತಾಗುತ್ತದೆ. ಹಿತ್ತಲಿಗೆ ಬಂದು ಬಟ್ಟೆ ಒಣಗಿಹಾಕುವಾಗ ವಾಸಿಯಾಗುತ್ತದೆ. ಒಳಗೆ ಹೋದರೆ ಮತ್ತೆ ಬರುತ್ತದೆ. ಕಿಟಕಿಗೆ ಮೊಳೆ ಹೊಡೆದಿದ್ದೀರಿ. ತಟ್ಟಿ ನೋಡಿದೆ, ಬಿಡಿಸಲು ನನಗೆ ಆಗಲಿಲ್ಲ. ಇದನ್ನು ನಿಮಗೆ ಎರಡು ಸಲ ಹೇಳಿದ್ದೇನೆ. ದಯವಿಟ್ಟು ಯಾರನ್ನಾದರೂ ಕಳಿಸಿಕೊಡಿ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಅಷ್ಟಕ್ಕೆ ಕಾಗದ ಮುಗಿದಿತ್ತು. ಕೆಳಗೆ ಕೆಂಪಿನಲ್ಲಿ ಏನಿದೆಯೆಂದು ಶಕುಂತಲಮ್ಮ ಕೇಳಿದರು. ಅವರಿಗೆ ಅಕ್ಷರ ಬಾರದಿದ್ದರೂ ಬಣ್ಣ ಕಾಣುತ್ತಿತ್ತು.

"ಟೀಚರು ಬರ್ದಿರೋದು," ಎಂದ ವೇಣುಗೋಪಾಲ. "ವಿವರಗಳು ನಿಜದಂತೆ ಇವೆ, ಚೆನ್ನಾಗಿದೆ. ವ್ಯಾಕರಣ ನೋಡಿಕೊಳ್ಳಿ, ಅಂತ."

"ಎಷ್ಟು ಕೊಟ್ಟವ್ರೆ?"

"ಒಂಬತ್ತಕ್ಕೆ ಆರು."

"ಪಾಸಾ?"

"ಪಾಸು ಕಣಮ್ಮ."

ಶಕುಂತಲಮ್ಮ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಹಿಂದಿನ ಕೋಣೆಗೆ ಹೋದರು. ಅಲ್ಲಿಂದ ಮೂಟೆ ಎಳೆಯುವ ಸದ್ದು ಬಂತು. ವೇಣುಗೋಪಾಲ ಎಂಜಲು ಕೈಯಲ್ಲೇ ಓಡಿದ, ಹಿಂದೆ ಪಂಕಜ, ಅವಳ ಹಿಂದೆ ವೆಂಕಟರಮಣಪ್ಪ. ನಾಲ್ವರೂ ಸೇರಿ ಮೂಟೆಗಳನ್ನು ಹಜಾರಕ್ಕೆ ಸಾಗಿಸಿದರು. ತುಕ್ಕು ಹಿಡಿದಿದ್ದ ಕಿಟಕಿಯ ಚಿಲಕವನ್ನು ವೆಂಕಟರಮಣಪ್ಪ ಮಗ್ಗದ ಸುತ್ತಿಗೆಯಿಂದ ಹೊಡೆದು ಬಿಡಿಸಿದರು. ಎದುರಿಗಿದ್ದದ್ದು ಒಂದು ಮೊಳ ದೂರದಲ್ಲಿ ಪಕ್ಕದ ಮನೆಯ ಗೋಡೆ, ಅಷ್ಟೆ. ಆದರೂ ಗಾಳಿ ಬಂತು, ಧೂಳು ಮೇಲೆದ್ದಿತು. ಆಮೇಲೆ ಅಜ್ಜಿ ತಟ್ಟುವ ಸದ್ದಿನ ಮಾತೆತ್ತಲಿಲ್ಲ. ಕೇಳಿಸುತ್ತದೆಯೇ ಎಂದು ಅವರನ್ನು ಯಾರೂ ಕೇಳಲೂ ಇಲ್ಲ.

ಮಾರನೆಯ ದಿನ ಬಸ್ಸಿಗೆ ಹೊರಡುವ ಮುಂಚೆ ಪಂಕಜ ಅರ್ಜಿ ತೆಗೆದು ಅಕಾಡೆಮಿಕ್ ಚೌಕಕ್ಕೆ ಟಿಕ್ ಹಾಕಿದಳು. ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ತಂದೆ ಅದನ್ನು ನೋಡಿ, ಎಣ್ಣೆಯ ಕಲೆಯಾಗಿದೆ, ಪರವಾಗಿಲ್ಲವೇ ಎಂದಷ್ಟೇ ಕೇಳಿದರು.

ಪರೀಕ್ಷೆ ಇದ್ದದ್ದು ಸೆಪ್ಟೆಂಬರಿನಲ್ಲಿ, ಮದ್ರಾಸಿನಲ್ಲಿ. ಶಕುಂತಲಮ್ಮ ತಾವೂ ಬರುವುದಾಗಿ ಹಟ ಹಿಡಿದರು. ಬುತ್ತಿ ಕಟ್ಟಿಕೊಂಡು ತಾಯಿ ಮಗಳು ರೈಲಿನಲ್ಲಿ ಹೋದರು. ಪರೀಕ್ಷೆ ನಡೆಯುವಷ್ಟು ಹೊತ್ತೂ ತಾಯಿ ಕಾಂಪೌಂಡಿನ ಬೇವಿನ ಮರದಡಿ ಕೂತಿದ್ದರು, ನೀರು ಕುಡಿಯಲೂ ಏಳಲಿಲ್ಲವೆಂದು ಕಾವಲುಗಾರ ಆಮೇಲೆ ಹೇಳಿದ. ಪಂಕಜ ಹೊರಗೆ ಬಂದಾಗ ಅವರು ಕೇಳಿದ್ದು ಒಂದೇ, ಕಾಗದ ಬರೆಯಲು ಕೊಟ್ಟಿದ್ದರೇ ಎಂದು. ಇದರಲ್ಲಿ ಕಾಗದವಿರುವುದಿಲ್ಲ, ಕಾಲುವೆ ನೀರಿನ ಲೆಕ್ಕ ವಿವರಿಸಲು ಕೊಟ್ಟಿದ್ದರು ಎಂದಳು.

ಮದುವೆಯ ಮಾತು ನಿಂತುಹೋಗಿತ್ತು, ಆದರೆ ದೇವೀಪ್ರಸಾದನ ಫೋನು ನಿಲ್ಲಲಿಲ್ಲ. ಭಾನುವಾರ ಹತ್ತಕ್ಕೆ ಶಕುಂತಲಮ್ಮ ತಾವೇ ಎತ್ತಿಕೊಳ್ಳತೊಡಗಿದರು. ಕ್ಷೇಮ ಕೇಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ಅದನ್ನ ತೆಗೆಸಿದ್ಯಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಇಡುತ್ತಿದ್ದರು. ಮುಂದಿನ ಭಾನುವಾರವೂ ಅಷ್ಟೆ. ಅವನು ಯಾಕೆ ಮತ್ತೆ ಮತ್ತೆ ಮಾಡುತ್ತಿದ್ದನೋ ಮನೆಯವರಿಗೆ ಅರ್ಥವಾಗಲಿಲ್ಲ. ಆ ಪ್ರಶ್ನೆ ಕೇಳಿಸಿಕೊಳ್ಳಲೆಂದೇ ಮಾಡುವವನ ಹಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ನಿಲ್ಲಿಸಿದ.

ಪಂಕಜಳಿಗೆ ಬೇಕಾದಷ್ಟು ಅಂಕ ಬಂದಿತ್ತು. ಅದೇ ದೇಶದಲ್ಲಿ, ಆದರೆ ಆ ಊರಿನಿಂದ ಬಸ್ಸಿನಲ್ಲಿ ಎಂಟು ಗಂಟೆ ದೂರದ ಪಟ್ಟಣವೊಂದರ ಆಸ್ಪತ್ರೆಗೆ ಅವಳು ಫೆಬ್ರವರಿಯಲ್ಲಿ ಹೋದಳು. ಆ ದೇಶವೇ ಯಾಕೆಂದು ವೇಣುಗೋಪಾಲ ಕೇಳಿದ್ದಕ್ಕೆ, ಅಕ್ಕ ಅಲ್ಲೇ ಇದ್ದಾಳಲ್ಲ ಎಂದಿದ್ದಳು.

ಜೂನಿನ ಒಂದು ಭಾನುವಾರ ಹತ್ತಕ್ಕೆ ಮತ್ತೆ ಫೋನು ಬಂತು. ಮನೆ ಮಾರಿಬಿಟ್ಟೆ, ಬೇರೆ ಊರಿಗೆ ಹೋಗುತ್ತಿದ್ದೇನೆ ಎಂದ ದೇವೀಪ್ರಸಾದ. ಯಾರಿಗೆ ಎಂದು ಕೇಳಿದರು ಶಕುಂತಲಮ್ಮ. ಚಿಕ್ಕ ವಯಸ್ಸಿನ ಗಂಡಹೆಂಡತಿ, ಒಂದು ಕೂಸಿದೆ.

"ಅವ್ರಿಗೆ ಹೇಳಿದ್ಯಾ?"

ಈ ಸಲ ಮೊದಲು ಫೋನಿಟ್ಟದ್ದು ಅವನು.

ಶಕುಂತಲಮ್ಮ ಅಲ್ಲಿಂದೆದ್ದು ಚಪ್ಪಲಿ ಹಾಕಿಕೊಂಡು, ತಾವಾಗಿಯೇ ಎಂದೂ ಹೋಗದ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋದರು. ಮನೆಯ ಫೋನಿನಿಂದ ಹೊರದೇಶಕ್ಕೆ ಕರೆ ಹೋಗುತ್ತಿರಲಿಲ್ಲ. ಚೀಟಿಯಲ್ಲಿದ್ದ ನಂಬರನ್ನು ಬೂತಿನವರಿಗೆ ತೋರಿಸಿ ಪಂಕಜಳಿಗೆ ಹೇಳಿದರು. ಪಂಕಜ ಆಯಿತೆಂದಳಂತೆ.

ಮೂರು ವಾರಕ್ಕೆ ಅವಳ ಕಾಗದ ಬಂತು. ಮಗ್ಗಗಳನ್ನು ನಿಲ್ಲಿಸಿ ಬರಲು ವೆಂಕಟರಮಣಪ್ಪ ತಾವೇ ಶೆಡ್ಡಿಗೆ ಹೋದರು. ಎಲ್ಲರೂ ಬಂದು ಕೂತ ಮೇಲೆ ವೇಣುಗೋಪಾಲ ಓದಿದ.

ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ಮೂರಕ್ಕೆ ಆ ಬೀದಿ ತಲುಪಿದೆ. ಬಾಗಿಲು ತೆಗೆದವಳಿಗೆ ನನಗಿಂತ ಕಡಿಮೆ ವಯಸ್ಸು. ಒಂದು ಕೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು. ಒಳಗೆ ಬನ್ನಿ, ಹೊರಗೆ ಚಳಿ ಎಂದಳು. ನಾನು ಹೊಸಿಲು ದಾಟಲಿಲ್ಲ. ಮಗು ಎಲ್ಲಿ ಎಂದು ಕೇಳಿದೆ. ಹಿಂದಿನ ಕೋಣೆಯಲ್ಲಿ ಮಲಗಿದೆ, ಎರಡು ದಿನದಿಂದ ಬಹಳ ಒಳ್ಳೆಯ ನಿದ್ದೆ ಮಾಡುತ್ತಿದೆ ಎಂದಳು. ಮಿಕ್ಕ ಮಾತು ಆಮೇಲೆ, ಮೊದಲು ಮಗುವನ್ನು ಎತ್ತಿಕೊಂಡು ಹೊರಗೆ ಬಾ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಮತ್ತೆ ಹೇಳಿದೆ. ನನ್ನ ದನಿ ಹೇಗಿತ್ತೋ ಗೊತ್ತಿಲ್ಲ, ಅವಳು ಓಡಿದಳು. ಮಗುವಿನ ಕೆನ್ನೆ ಕೆಂಪಗಿತ್ತು. ಹಿತ್ತಲಲ್ಲಿ, ಬಟ್ಟೆ ಒಣಗಿಹಾಕುವ ತಂತಿಯ ಕೆಳಗೆ ನಿಂತೆವು. ಗಾಳಿ ಬೀಸುತ್ತಿತ್ತು. ನಾನು ಮಗುವಿನ ಅಂಗಾಲು ತಿಕ್ಕಿದೆ. ಸ್ವಲ್ಪ ಹೊತ್ತಾದ ಮೇಲೆ ಅದು ಅತ್ತಿತು.

ವೇಣುಗೋಪಾಲ ಹಾಳೆ ತಿರುಗಿಸಲು ಹೋದ. ಶಕುಂತಲಮ್ಮ ಅವನ ಕೈ ಹಿಡಿದುಕೊಂಡರು.

"ಅತ್ತಿತು ಅಂತ ಬರ್ದಿದಾಳಾ?"

"ಹೂಂ ಕಣಮ್ಮ. ಅತ್ತಿತು ಅಂತಾನೇ ಇದೆ."

ಎಲ್ಲಿ, ಆ ಮಾತು ಎಲ್ಲಿದೆ ಎಂದು ಅವರು ಕೇಳಿದರು. ವೇಣುಗೋಪಾಲ ಸಾಲಿನ ಕೊನೆಯಲ್ಲಿದ್ದ ಮೂರು ಅಕ್ಷರಗಳನ್ನು ತೋರಿಸಿದ. ಶಕುಂತಲಮ್ಮ ಅದರ ಮೇಲೆ ಬೆರಳಿಟ್ಟುಕೊಂಡು, ಮಗ್ಗ ಮತ್ತೆ ಶುರುವಾಗುವವರೆಗೂ ಹಾಗೆಯೇ ಕೂತಿದ್ದರು.